ಗಾಜಿನಕ್ಕ ಒಡೆದ ಗಾಜು

ಇನ್ನೂ ಪೂರ್ತಿ ಬೆಳಕಾಗಿಲ್ಲ. ತಗಡಿನ ಶೆಡ್ಡಿನ ಬಾಗಿಲು ತೆರೆದಿದೆ. ಒಳಗೆ ಒಂದೇ ಬಲ್ಬು. ಆ ಬೆಳಕಿನಲ್ಲಿ ಆಳೆತ್ತರದ ಗಾಜೊಂದು ತಾನಾಗಿಯೇ ನಡೆದು ಬರುತ್ತಿರುವಂತೆ ಕಾಣುತ್ತದೆ. ಹತ್ತಿರ ಬಂದ ಮೇಲೆ ಅದರ ಹಿಂದೆ ಒಬ್ಬ ಹೆಂಗಸು ಇರುವುದು ತಿಳಿಯುತ್ತದೆ. ದಪ್ಪ ಕೈಗವಸು, ತಲೆಗೆ ಬಿಗಿದ ವಸ್ತ್ರ, ಗಾಜಿಗೆ ಒತ್ತಿಕೊಂಡ ಕೆನ್ನೆ. ಇನ್ನೊಂದು ತುದಿಯನ್ನು ಹಿಡಿದಿರುವವನು ಆಕೆಯ ಗಂಡ.

"ನಿಮ್ಮ ಕಡೆ ತಗ್ಗಿಸ್ರೀ."

"ತಗ್ಗಿಸಿದೀನಲ್ಲ."

"ಇನ್ನೂ."

"ಇನ್ನೂ ತಗ್ಗಿಸಿದ್ರೆ ನಾನು ಮಲಗಬೇಕಾಗುತ್ತೆ ಅಷ್ಟೆ."

"ಮಲಗ್ರೀ, ಬೇಡ ಅಂದೋರು ಯಾರು? ಗಾಜು ಮಾತ್ರ ಮೇಲಿರಲಿ."

ಗಾಜು ಪಿಕಪ್ ಟ್ರಕ್ಕಿನ ಹಿಂಭಾಗದ ಓರೆ ಸ್ಟ್ಯಾಂಡಿಗೆ ಸದ್ದಿಲ್ಲದೆ ಒರಗುತ್ತದೆ. ಆಕೆ ರಬ್ಬರ್ ಪಟ್ಟಿ ಸರಿಪಡಿಸಿ, ಬೆಲ್ಟು ಬಿಗಿದು, ಬೆರಳ ಗಣ್ಣಿನಿಂದ ಗಾಜನ್ನು ಒಮ್ಮೆ ತಟ್ಟಿ ಕೇಳುತ್ತಾಳೆ. ನಂತರ ಮುಂದಿನದು.

ಊರಿನ ಗಾಡಿಯವರು ಈಕೆಯನ್ನು ಗಾಜಿನಕ್ಕ ಎನ್ನುತ್ತಾರೆ. ಆಸ್ಪತ್ರೆಯ ಕಿಟಕಿ, ಶಾಲೆಯ ಕಿಟಕಿ, ಪ್ರಾರ್ಥನಾ ಮಂದಿರದ ಎತ್ತರದ ಕಿಟಕಿ, ಎಲ್ಲದರ ಗಾಜೂ ಈಕೆಯ ಬಂಡಿಯಲ್ಲೇ ಬಂದದ್ದು. ಅವುಗಳ ಮೂಲಕ ಹೊರಗೆ ನೋಡುವ ಯಾರಿಗೂ ಈಕೆಯ ಪರಿಚಯವಿಲ್ಲ. ಪರಿಚಯವಿರುವುದು ಈ ಮಾದರಿಯ ಟ್ರಕ್ಕು ಕೊಂಡವರಿಗೆ. ಅವರು ಈಚೆಗೆ ಆಕೆಯ ಹೆಸರೆತ್ತಿದರೆ ಮುಖ ಗಂಟು ಹಾಕಿಕೊಳ್ಳುತ್ತಾರೆ. ಕಾರಣವಿಷ್ಟೆ: ಅವರೆಲ್ಲರ ಟ್ರಕ್ಕುಗಳೂ ಕೆಟ್ಟು ನಿಂತಿವೆ, ಈಕೆಯದು ಓಡುತ್ತಿದೆ.

ಈ ಮಾದರಿಯ ಭಾರಿ ಪಿಕಪ್ಪುಗಳು ಬಂದಾಗ ಭಾರ ಹೊರುವ ಕಸುಬಿನವರೆಲ್ಲ ಮುಗಿಬಿದ್ದು ಕೊಂಡರು. ಕ್ಲಚ್ಚು ತುಳಿಯುವ ಗೋಜಿಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ, ಏರಿನಲ್ಲೂ ದಣಿಯದು ಎಂದು ಮಾರಿದವರು ಹೇಳಿದ್ದರು. ಎರಡನೆಯ ವರ್ಷ ದೂರುಗಳು ಶುರುವಾದವು. ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹೋಗುವಾಗ ಹಿಂದಿನಿಂದ ಯಾರೋ ಗುದ್ದಿದಂತೆ ಒಂದು ಎಳೆತ. ಕೆಲವು ವಾರ ಕಳೆದರೆ ಸುಟ್ಟ ಎಣ್ಣೆಯ ವಾಸನೆ. ಕಡೆಗೊಂದು ದಿನ ಎಂಜಿನ್ನು ಕೂಗುತ್ತದೆ, ಗಾಡಿ ಕದಲುವುದಿಲ್ಲ. ಸರ್ವಿಸ್ ಸ್ಟೇಷನ್ನಿನವರು ಎಣ್ಣೆ ಬದಲಿಸಿದರು, ಕಂಪ್ಯೂಟರ್ ಹಚ್ಚಿ ಏನೋ ತಿದ್ದಿದರು, ಕೆಲವರಿಗೆ ಬೇರೆ ಗೇರ್‌ಬಾಕ್ಸನ್ನೇ ಹಾಕಿಕೊಟ್ಟರು. ಅದೂ ಕೆಲವೇ ತಿಂಗಳಲ್ಲಿ ಅದೇ ದಾರಿ ಹಿಡಿಯಿತು.

ಗಂಡ ಹೆಂಡತಿ ಕೊಂಡದ್ದು ಇಂಥ ಎರಡು ಗಾಡಿ, ಒಂದೇ ದಿನ, ಒಂದೇ ಬಣ್ಣದವು. ಗಂಡ ಕಿಟಕಿ ಬಾಗಿಲುಗಳ ಚೌಕಟ್ಟು ಸಾಗಿಸುವುದು, ಹೆಂಡತಿ ಗಾಜು ಸಾಗಿಸುವುದು ಎಂದು ಹಂಚಿಕೊಂಡರು. ಗಂಡನ ಗಾಡಿ ಕೆಟ್ಟು ಆರು ತಿಂಗಳಾಯಿತು. ಈಗ ಅವನು ಹೆಂಡತಿಯ ಪಕ್ಕದ ಸೀಟಿನಲ್ಲಿ ಕುಳಿತು ಹೋಗುತ್ತಾನೆ. ದಿನಕ್ಕೆ ನಾಲ್ಕೈದು ಟ್ರಿಪ್ಪು ಗಾಜು, ಅದರ ಜೊತೆಗೇ ತನ್ನ ಚೌಕಟ್ಟು.

"ಪಕ್ಕದಲ್ಲಿ ಕೂರೋದು ಕಷ್ಟ ಅಲ್ಲ," ಎನ್ನುತ್ತಾನೆ ಆತ, ಕೈಗವಸು ಕಳಚುತ್ತಾ. "ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಗಾಡಿಯವನು ಇವಳಿಗೆ 'ಏನಕ್ಕಾ, ಚೆನ್ನಾಗಿದೀರಾ' ಅಂತಾನೆ. ನನ್ನ ಕಡೆ ತಿರುಗಿ 'ಹೊಸಬನಾ?' ಅಂತಾನೆ. ಅದು ಕಷ್ಟ."

ಹೆಂಡತಿ ನಗುತ್ತಾ, ಪತ್ರಿಕೆಗೆ ಬರೆಯಲು ಬಂದವರ ಕಡೆ ತಿರುಗುತ್ತಾಳೆ. "ಸ್ಟೇರಿಂಗ್ ಹಿಡಿಯೋದು ಕಲಿಸಿದ್ದೇ ಇವರು. ಅದನ್ನೂ ಬರ್ಕೊಳ್ಳಿ. ಇಲ್ಲಾಂದ್ರೆ ರಾತ್ರಿ ಊಟಕ್ಕೆ ಏಳಲ್ಲ."

ಶೆಡ್ಡಿನ ಹಿಂದೆಯೇ ಮನೆ. ಎರಡು ಕೋಣೆ, ಒಂದು ಅಡುಗೆಮನೆ. ವಿಚಿತ್ರವೆಂದರೆ ಅಡುಗೆಮನೆಯ ಕಿಟಕಿಗೆ ಗಾಜಿಲ್ಲ, ಪ್ಲಾಸ್ಟಿಕ್ ಹಾಳೆ ಬಡಿದಿದ್ದಾರೆ. ಅತ್ತೆ ಒಲೆಯ ಪಕ್ಕ ಮೋಟು ಸ್ಟೂಲಿನ ಮೇಲೆ ಕುಳಿತು ಚಹಾ ಸೋಸುತ್ತಿದ್ದಾರೆ. ಮಗ ಎದುರಿಗೇ ಇದ್ದರೂ ಅವರು ಗುಟ್ಟೇನೂ ಇಟ್ಟುಕೊಳ್ಳುವುದಿಲ್ಲ.

"ಇವನು ಚಿಕ್ಕಂದಿನಿಂದಲೂ ಹಿಂಗೇ ಸ್ವಾಮಿ. ತಮ್ಮನಿಗೆ ಜ್ವರ ಬಂದು ಬ್ರೆಡ್ಡು ಕೊಟ್ರೆ, ಇವನು ಜ್ವರ ಬರ್ಲಿ ಅಂತ ನೀರಲ್ಲಿ ನಿಲ್ತಿದ್ದ."

"ಅಮ್ಮಾ, ಅದೆಲ್ಲ ಈಗ ಯಾಕೆ?"

"ಬಂತಾ ಜ್ವರ, ಅದನ್ನ ಹೇಳು."

"ಇಲ್ಲ."

"ಈಗಲೂ ಅದೇ ಗತಿ," ಎಂದು ಸೊಸೆ ಬಾಗಿಲಲ್ಲಿ ನಿಂತು ಹೇಳುತ್ತಾಳೆ. "ನನ್ನ ಗಾಡಿ ಕೆಡ್ಲಿ ಅಂತ ಕಾಯ್ತಾರೆ, ಕೆಡಲ್ಲ."

ಗಂಡ ಲೋಟ ಕೆಳಗಿಡುತ್ತಾನೆ. "ಹೌದು, ಕಾಯ್ತೀನಿ. ದೇವರ ಮುಂದೆ ನಿಂತಾಗಲೂ ಒಂದೊಂದು ಸಲ ಬಾಯಿಗೆ ಬಂದುಬಿಡುತ್ತೆ. ಆಮೇಲೆ ತಪ್ಪಾಯ್ತು ಅಂತೀನಿ. ಇವಳದೇ ಅನ್ನ ಉಣ್ತಿದೀನಲ್ಲ."

ಹೀಗೆ ಕಿತ್ತಾಡಲು ಎದುರಿಗೆ ಒಂದು ಜೀವವಿರುವುದು ದೇವರ ದಯೆ. ಆ ದಯೆಯ ಅವಧಿ ಮುಗಿದು ಒಬ್ಬರೇ ಉಳಿದ ಮನೆಯಿಂದ ಬರೆಯಲು ಬಂದವರಿಗೆ ಇಂಥ ಜಗಳ ಕೇಳಿದರೂ ಅಸೂಯೆಯಾಗುತ್ತದೆ.

ಗಾಡಿ ಕೆಡದಿರುವುದರ ಹಿಂದೆ ಪವಾಡವಿಲ್ಲ. ಹೊರಡುವ ಮೊದಲು ಗಾಜಿನಕ್ಕ ತನ್ನ ಬಲಗಾಲನ್ನು ತೋರಿಸಿ ಅದನ್ನು ವಿವರಿಸುತ್ತಾಳೆ. ಗೇರು ಬದಲಾಗುವ ಹೊತ್ತು ಬಂತೆಂದರೆ ಆಕ್ಸಿಲರೇಟರಿನ ಮೇಲಿನ ಪಾದವನ್ನು ಒಂದಿಷ್ಟು ಎತ್ತುತ್ತಾಳೆ. ಎಂಜಿನ್ನಿನ ಒತ್ತಡ ಇಳಿದ ಆ ಗಳಿಗೆಯಲ್ಲಿ ಗೇರು ಮೆತ್ತಗೆ ಕೂರುತ್ತದೆ, ಗುದ್ದು ಬೀಳುವುದಿಲ್ಲ. "ಗಾಡಿ ಮೇಲಿನ ಪ್ರೀತಿಗೇನಲ್ಲ, ಗಾಜಿನ ಭಯಕ್ಕೆ. ಇಟ್ಟಿಗೆ ಹೊರೋನಿಗೆ ಗುದ್ದು ಬಿದ್ರೆ ಏನು, ಚೌಕಟ್ಟು ಹೊರೋರಿಗೆ ಏನು? ನನಗೆ ಹಿಂದೆ ಆಳೆತ್ತರದ ಗಾಜು ನಿಂತಿರುತ್ತೆ. ಮೊದಲನೇ ವಾರವೇ ಕಾಲು ತಾನಾಗೇ ಕಲಿತುಬಿಡ್ತು." ಗಂಡನಿಗೂ ಹೇಳಿದ್ದಳಂತೆ. ಅವನು ಕೊಟ್ಟ ಉತ್ತರವನ್ನು ಅವನ ದನಿಯಲ್ಲೇ ಹೇಳಿ ತೋರಿಸುತ್ತಾಳೆ: "ಇಷ್ಟು ದುಡ್ಡು ಸುರಿದ ಗಾಡಿಗೆ ನಾನು ಗೇರುಗೇರಿಗೂ ಕಾಲೆತ್ತಿ ಸಲಾಮು ಹೊಡೀಬೇಕಾ? ನನಗೇ ಪಾಠ ಹೇಳೋಕೆ ಬಂದ್ಳು!"

ಈ ದಿನ ಬೆಳಿಗ್ಗೆ ಹೇರಿರುವ ಗಾಜು ಯಾವ ಗಿರಾಕಿಯದೂ ಅಲ್ಲ, ಇವರ ಸ್ವಂತ ದಾಸ್ತಾನು. ಗಾಡಿ ಹೋಗುತ್ತಿರುವುದು ಸರ್ವಿಸ್ ಸ್ಟೇಷನ್ನಿಗೆ. ಗಾಡಿ ಮಾಲೀಕರೆಲ್ಲ ಸೇರಿ ಕಂಪನಿಗೆ ದೂರು ಕೊಟ್ಟಿದ್ದರು. ಬಂದ ಉತ್ತರದಲ್ಲಿ ಗೇರ್‌ಬಾಕ್ಸಿನಲ್ಲಿ ದೋಷವಿಲ್ಲ, ಓಡಿಸುವವರ ಅಜಾಗರೂಕತೆಯೇ ಕಾರಣ ಎಂದಿತ್ತು. ಅದಕ್ಕೆ ಸಾಕ್ಷಿಯಾಗಿ ತೋರಿಸಿದ್ದು ಗಾಜಿನಕ್ಕನ ಗಾಡಿಯನ್ನೇ: ಅದೇ ಮಾದರಿ, ಅಷ್ಟೇ ಭಾರ, ಒಂದು ದೂರೂ ಇಲ್ಲ. ಕಂಪನಿಯ ಎಂಜಿನಿಯರು ಇಂದು ಬಂದು ಆ ಗಾಡಿಯನ್ನು ಭಾರದ ಸಮೇತ ಓಡಿಸಿ ನೋಡುತ್ತಾರೆ. ಅವರು ಬರೆದದ್ದೇ ಕೊನೆಯ ಮಾತು. ಗಾಡಿ ಸರಿಯಾಗಿ ಓಡಿದರೆ ಉಳಿದವರೆಲ್ಲ ತಮ್ಮ ಗೇರ್‌ಬಾಕ್ಸಿನ ಖರ್ಚನ್ನು ತಾವೇ ಹೊರಬೇಕು.

ಸರ್ವಿಸ್ ಸ್ಟೇಷನ್ನಿನ ಅಂಗಳದ ಗೋಡೆಯುದ್ದಕ್ಕೂ ಕೆಟ್ಟ ಪಿಕಪ್ಪುಗಳು ಸಾಲಾಗಿ ನಿಂತಿವೆ. ಒಂದರ ಟೈರಿನ ಪಕ್ಕ ಹುಲ್ಲು ಬೆಳೆದಿದೆ, ಇನ್ನೊಂದರ ಬಾನೆಟ್ಟಿನ ಮೇಲೆ ಬೆಕ್ಕು ಮಲಗಿದೆ. ಮಾಲೀಕರು ನೆರಳಿನಲ್ಲಿ ಗುಂಪಾಗಿ ನಿಂತಿದ್ದಾರೆ. ಗಾಜಿನಕ್ಕನ ಗಾಡಿ ಸದ್ದಿಲ್ಲದೆ ಒಳಗೆ ಬಂದಾಗ ಎಲ್ಲರೂ ಅತ್ತ ತಿರುಗುತ್ತಾರೆ. ಕಟ್ಟಡಗಳಿಗೆ ಇಟ್ಟಿಗೆ ಸಾಗಿಸುವವನೊಬ್ಬ ಮುಂದೆ ಬರುತ್ತಾನೆ.

"ಬನ್ನಿ ಅಕ್ಕ, ಬನ್ನಿ. ನಿಮ್ಮ ಗಾಡಿ ಒಂದು ಕೆಟ್ಟಿದ್ದಿದ್ರೆ ನಮ್ಮೆಲ್ಲರ ಗಾಡಿ ಇಷ್ಟೊತ್ತಿಗೆ ರಿಪೇರಿ ಆಗಿರೋದು."

"ನನ್ನ ಗಾಡಿ ಮೇಲೆ ಕಣ್ಣು ಹಾಕೋ ಬದಲು ನಿನ್ನ ಗಾಡಿಗೆ ಎಣ್ಣೆ ಹಾಕಪ್ಪ."

"ಎಣ್ಣೆ ಎಷ್ಟು ಹಾಕಿದೀನಿ ಗೊತ್ತಾ? ಮನೇಲಿ ಒಗ್ಗರಣೆಗೂ ಉಳಿದಿಲ್ಲ."

ಯಾರೋ ನಗುತ್ತಾರೆ. ಇಟ್ಟಿಗೆಯವನು ನಗುವುದಿಲ್ಲ. "ಹಿಂದಿನ ವಾರ ನನ್ನ ಗಿರಾಕಿನೂ ನಿಮ್ಮ ಹತ್ರ ಬಂದಿದ್ನಂತಲ್ಲ, ಇಟ್ಟಿಗೆ ಹೇರ್ತೀರಾ ಅಂತ."

"ಬಂದಿದ್ದ. ಆಗಲ್ಲ ಅಂದೆ."

"ಅಂದಿದ್ದಕ್ಕೆ ಉಪಕಾರ. ಆದ್ರೆ ಬಂದಿದ್ನಲ್ಲ, ಅದೇ ಉರಿಯುತ್ತೆ ನನಗೆ."

ಎಂಜಿನಿಯರು ಸಣ್ಣ ವಯಸ್ಸಿನ, ಮಿತಮಾತಿನ ಮನುಷ್ಯ. ಗಾಡಿಯ ಸುತ್ತ ಬಂದು, ಕೆಳಗೆ ಬಗ್ಗಿ ನೋಡಿ, ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ಗಾಡಿ ಗೇಟಿನಿಂದ ಹೊರಟು, ಏರು ಹತ್ತಿ, ತಿರುಗಿ, ಅಂಗಳಕ್ಕೆ ಮರಳುತ್ತದೆ. ಏರಿನಲ್ಲಿ ಗೇರು ಬದಲಾದದ್ದು ಕೆಳಗೆ ನಿಂತು ಕಿವಿಗೊಟ್ಟವರಿಗೂ ತಿಳಿಯುವುದಿಲ್ಲ. ಎಂಜಿನಿಯರು ಇಳಿದು ಮಾಲೀಕರ ಕಡೆ ತಿರುಗುತ್ತಾರೆ.

"ನೋಡಿದ್ರಲ್ಲ. ಗೇರ್‌ಬಾಕ್ಸ್ ಸರಿಯಾಗಿದೆ. ಮೇಡಂ ಚೆನ್ನಾಗಿ ಓಡಿಸ್ತಾರೆ, ಅಷ್ಟೆ."

ಇಟ್ಟಿಗೆಯವನು ನೆಲಕ್ಕೆ ಉಗುಳುತ್ತಾನೆ. ಗಂಡ ಆ ಸಾಲಿನಲ್ಲೇ ಇರುವ ತನ್ನ ಕೆಟ್ಟ ಗಾಡಿಗೆ ಒರಗಿ ನಿಂತಿದ್ದಾನೆ, ತಲೆ ಎತ್ತುತ್ತಿಲ್ಲ. ಹೆಂಡತಿಗೆ ಓಡಿಸಲು ಕಲಿಸಿದವನಿಗೆ ಓಡಿಸಲು ಬರುವುದಿಲ್ಲ ಎಂದು ಈಗಷ್ಟೇ ಎಲ್ಲರೆದುರು ಹೇಳಿದಂತಾಗಿದೆ.

ಗಾಜಿನಕ್ಕ ಸೀಟಿನಿಂದ ಇಳಿದಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾಳೆ.

"ಸಾರ್, ಇನ್ನೊಂದು ಸುತ್ತು ಬನ್ನಿ. ಗೇರು ಬದಲಾಗುವಾಗ ನಾನು ಕಾಲೆತ್ತುತ್ತೀನಿ, ಗಾಜಿಗೋಸ್ಕರ. ಈ ಸಲ ಎತ್ತಲ್ಲ. ಎಲ್ಲರ ಥರ ಓಡಿಸ್ತೀನಿ."

ಎಂಜಿನಿಯರು ಹಿಂದೆ ನಿಂತಿರುವ ಗಾಜಿನ ಕಡೆ ನೋಡುತ್ತಾರೆ. "ಹಾಗಾದ್ರೆ ಗಾಜು ಇಳಿಸಿಬಿಡಿ."

"ಖಾಲಿ ಗಾಡಿ ಓಡಿಸೋಕೆ ನೀವು ಇಷ್ಟು ದೂರ ಬಂದಿಲ್ವಲ್ಲ. ಹತ್ತಿ ಸಾರ್."

ಗಂಡ ಈಗ ತಲೆ ಎತ್ತುತ್ತಾನೆ. "ಏ, ಹುಚ್ಚಾ ನಿನಗೆ? ಗಾಜು ಇಳಿಸೇ!"

ಆಕೆ ಎಂಜಿನ್ನು ಚಾಲೂ ಮಾಡುತ್ತಾಳೆ.

ಈ ಸಲ ಏರಿನ ಮೇಲಿನ ಸದ್ದು ಅಂಗಳಕ್ಕೆ ಕೇಳುತ್ತದೆ. ಮೊದಲು ಕಬ್ಬಿಣಕ್ಕೆ ಕಬ್ಬಿಣ ಬಡಿದಂಥ ಒಂದು ಗುದ್ದು, ಅದರ ಬೆನ್ನಿಗೇ ಗಾಜು ಸೀಳಿದ ಸಪ್ಪಳ. ಗಾಡಿ ಮರಳಿ ಬಂದಾಗ ಮೊದಲ ಗಾಜು ಮೂಲೆಯಿಂದ ಮೂಲೆಗೆ ಬಿರಿದಿದೆ; ಮೇಲಿನ ತುಂಡು ಬೆಲ್ಟಿನ ಆಸರೆಯಲ್ಲಿ ಹೇಗೋ ನಿಂತಿದೆ. ಗಾಜಿನಕ್ಕನ ಹಣೆಯಲ್ಲಿ ಬೆವರು.

"ಕಾಲು ಏಳ್ತಾನೇ ಇತ್ತು," ಎನ್ನುತ್ತಾಳೆ, ಯಾರಿಗೆಂದಿಲ್ಲದೆ. "ಮೊಣಕಾಲ ಮೇಲೆ ಕೈಯಿಟ್ಟು ಒತ್ತಿ ಹಿಡಿದೆ." ಆಮೇಲೆ ಎಂಜಿನಿಯರ ಕಡೆ ತಿರುಗುತ್ತಾಳೆ. "ಕಾಲೆತ್ತಿದ್ರೆ ಮಾತ್ರ ಓಡೋ ಗಾಡೀನ ಸರಿ ಇದೆ ಅಂತ ಹೇಗೆ ಬರೀತೀರಿ ಸಾರ್?"

ಎಂಜಿನಿಯರು ಕತ್ತಿನ ಹಿಂಭಾಗ ಸವರಿಕೊಳ್ಳುತ್ತಾರೆ. ಅವರಿಗೂ ಪೆಟ್ಟು ಬಿದ್ದಂತಿದೆ. "ಹಾಗೆ ಬರೆಯೋಕಾಗಲ್ಲ," ಎನ್ನುತ್ತಾರೆ. "ದೋಷ ಗೇರ್‌ಬಾಕ್ಸಿನದು ಅಂತಲೇ ಬರೀತೀನಿ. ಎಲ್ಲ ಗಾಡಿಗೂ ಬೇರೆ ಥರದ್ದು ತರಿಸಬೇಕು. ಮೇಡಂ, ನಿಮ್ಮದನ್ನೂ ಇಲ್ಲೇ ಬಿಟ್ಟು ಹೋಗಿ. ಇದನ್ನ ಇನ್ನು ರಸ್ತೆಗೆ ಬಿಡೋ ಹಾಗಿಲ್ಲ."

ಅದನ್ನು ಆಕೆ ಎಣಿಸಿದ್ದಳೋ ಇಲ್ಲವೋ, ಮುಖದಿಂದ ತಿಳಿಯುವುದಿಲ್ಲ. ಕೀಲಿಕೈಯನ್ನು ಅಂಗೈಯಲ್ಲಿ ಒಮ್ಮೆ ಮುಚ್ಚಿ, ಬಿಚ್ಚಿ, ಕೊಡುತ್ತಾಳೆ. ಗಾಡಿಯನ್ನು ಗಂಡನ ಗಾಡಿಯ ಪಕ್ಕಕ್ಕೆ ತಳ್ಳಿ ನಿಲ್ಲಿಸಲು ಇಟ್ಟಿಗೆಯವನೇ ಮೊದಲು ಹೆಗಲು ಕೊಡುತ್ತಾನೆ.

ಗಂಡ ಹಿಂದೆ ಹೋಗಿ ಬಿರುಕನ್ನು ಬೆರಳಿನಿಂದ ದೂರದಲ್ಲೇ ಅಳೆಯುತ್ತಾನೆ. "ಒಡೆಯೋದ್ರಲ್ಲೂ ನೀನೇ ಜೋರು ಕಣೇ. ನಾನು ಇಷ್ಟು ವರ್ಷದಲ್ಲಿ ಮೂಲೆ ಮುಕ್ಕು ಮಾಡಿದೀನಿ ಅಷ್ಟೆ."

"ನೋಡಿದ್ರಾ? ಇದಕ್ಕೂ ಹೊಟ್ಟೆಕಿಚ್ಚು!"

ಒಡೆದ ಗಾಜನ್ನು ಇಳಿಸಿ, ಗೋಣಿಯಲ್ಲಿ ಸುತ್ತಿ, ಉಳಿದದ್ದನ್ನು ಬಾಡಿಗೆ ವ್ಯಾನಿಗೆ ಏರಿಸುವಷ್ಟರಲ್ಲಿ ಬಿಸಿಲು ನೆತ್ತಿಗೇರಿದೆ. ನಾಳೆಯಿಂದ ಟ್ರಿಪ್ಪುಗಳು ಅರ್ಧಕ್ಕಿಳಿಯುತ್ತವೆ, ಬಾಡಿಗೆ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ಗಾಜಿನಕ್ಕ ನೀರು ಕುಡಿದು ಅಂಗಳದ ಕಟ್ಟೆಯ ಮೇಲೆ ಕೂರುತ್ತಾಳೆ.

"ಸುಳ್ಳು ಯಾಕೆ ಹೇಳ್ಲಿ, ಇವರೆಲ್ಲ ನನ್ನ ನೋಡಿ ಉರ್ಕೊಳ್ಳೋದು ನಂಗೆ ಇಷ್ಟ ಆಗಿತ್ತು. ಮೊದಲು ಇಬ್ರಿಗೂ ಸೇರಿ ಒಂದೇ ಹಳೇ ಗಾಡಿ. ಇವರು ಓಡಿಸೋರು, ನಾನು ಹಿಂದೆ ಗಾಜು ಹಿಡ್ಕೊಂಡು ನಿಲ್ಲೋಳು. ಗಿರಾಕಿ ಮನೇಲಿ ಇವರಿಗೆ ಕುರ್ಚಿ ಹಾಕೋರು, ನನ್ನ ಯಾರೂ ಒಳಗೆ ಕರೀತಿರಲಿಲ್ಲ. ಆಗ ನಾನೂ ಉರ್ಕೊಂಡಿದೀನಿ, ಕಮ್ಮಿ ಏನಲ್ಲ. ನಂದೂ ಒಂದು ಕಾಲ ಬಂತು ಅಂತ ಖುಷಿಯಾಗಿತ್ತು."

ಹಾಗಿದ್ದರೆ ಎರಡನೆಯ ಸುತ್ತು ಏಕೆ?

"ಇವರಿಗೆ ಓಡಿಸೋಕೆ ಬರಲ್ಲ ಅಂತ ನಾನು ದಿನಾ ಹೇಳ್ತೀನಿ. ಅದು ನನ್ನ ಮನೆ ಮಾತು. ಕಂಪನಿಯವರು ಯಾರು ಹೇಳೋಕೆ?"

ವ್ಯಾನಿನ ಹತ್ತಿರ ಗಂಡ ಡ್ರೈವರನಿಗೆ ಗಾಜು ಹೇಗೆ ಸಾಗಿಸಬೇಕೆಂದು ಕೈ ಬೀಸಿ ಬೀಸಿ ಹೇಳುತ್ತಿದ್ದಾನೆ; ಕಾಲನ್ನು ಹೇಗೆ ಎತ್ತಬೇಕೆಂದು ನೆಲದ ಮೇಲೆ ತುಳಿದು ತೋರಿಸುತ್ತಿದ್ದಾನೆ. ಹೆಂಡತಿ ಅದನ್ನು ನೋಡುತ್ತಾ ಇರುತ್ತಾಳೆ. ಇನ್ನೇನು ಬೇಡುತ್ತೀರಿ ದೇವರಲ್ಲಿ ಎಂದು ಕೇಳಿದರೆ, ಮೊದಲು ಎಲ್ಲರೂ ಹೇಳುವ ಮಾತನ್ನೇ ಹೇಳುತ್ತಾಳೆ.

"ಹೊಸ ಗೇರ್‌ಬಾಕ್ಸು ಬೇಗ ಬರ್ಲಿ. ಎಲ್ರಿಗೂ ಬರ್ಲಿ, ಆ ಇಟ್ಟಿಗೆಯವನಿಗೂ."

ಆಮೇಲೆ ಗಂಡನ ಕಿವಿಗೆ ಬೀಳದಂತೆ ಹತ್ತಿರ ಬಾಗುತ್ತಾಳೆ.

"ಆದ್ರೆ ನನ್ನ ಗಾಡೀಗೆ ಇವರದಕ್ಕಿಂತ ಒಂದು ದಿನ ಮೊದಲು ಬರ್ಲಿ. ಒಂದೇ ಒಂದು ದಿನ. ಇವರು ಇನ್ನೊಂದು ಸಲ ನನ್ನ ಪಕ್ಕದಲ್ಲಿ ಕೂತು ಉರ್ಕೊಳ್ಳೋದನ್ನ ನೋಡಿಬಿಟ್ರೆ ಸಾಕು ನಂಗೆ."