ಹೆಡರಿಗೆ ಹಿಡಿದ ಊದುಬತ್ತಿ

ಬೆಳಿಗ್ಗೆ ನನ್ನ ಹೆಂಡತಿ ದೇವರ ಮುಂದೆ ಊದುಬತ್ತಿ ಹಚ್ಚಿದಳೆಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಭಕ್ತಿಯೆಂದು ತಿಳಿದಿರಾದರೆ ನಿಮಗೆ ನನ್ನ ಪರಿಚಯ ಸಾಲದು. ನೆಟ್ಟಗೆ ಏಳುತ್ತಿದ್ದ ಹೊಗೆ ಸೊಂಟ ಬಳುಕಿಸಿತೋ, ಎದ್ದೆ. ಎಲ್ಲೋ ಗಾಳಿ ಸೋರುತ್ತಿದೆ. ಊದುಬತ್ತಿ ಕಿತ್ತುಕೊಂಡು ಕಿಟಕಿಯಂಚು, ಎ.ಸಿ.ಯ ಸಂದು, ಬಾಗಿಲ ಕೆಳಗೆ ಎಂದು ಹೊರಟುಬಿಡುತ್ತೇನೆ. ಮದ್ರಾಸಿನ ಅಣ್ಣಾ ನಗರದ ಈ ಫ್ಲಾಟಿನಲ್ಲಿ ನಾನು ಪತ್ತೆ ಹಚ್ಚದ ಬಿರುಕಿಲ್ಲ.

"ರೀ, ದೇವರಿಗೆ ಹಚ್ಚಿದ್ದು ಅದು. ವಾಪಸ್ ಇಡಿ."

"ದೇವರು ಎಲ್ಲಾ ಕಡೆ ಇದಾನೆ ಅಂತ ನೀನೇ ಹೇಳ್ತೀಯಲ್ಲ. ನಾನು ಒಂದು ರೌಂಡ್ ಹಾಕಿಸ್ತಿದೀನಿ ಅಷ್ಟೆ."

ಈ ಚಟ ಅಂಟಿದ್ದು ವಡಪಳನಿಯ ನಮ್ಮ ಹಳೆಯ ಶೆಡ್ಡಿನಲ್ಲಿ. ನಾನೂ ಹೆಂಡತಿಯ ತಮ್ಮ ಶಾಮನೂ ಸೇರಿ ಲಾರಿಗಳಿಗೆ, ಟರ್ಬೊ ಕೂರಿಸಿದ ಗಾಡಿಗಳಿಗೆ ಹೆಡರ್ ಮಾಡುತ್ತಿದ್ದೆವು. ಜನ ಅದನ್ನೂ ಸೈಲೆನ್ಸರ್ ಎಂದೇ ಕರೆಯುತ್ತಿದ್ದರು, ಅವರನ್ನು ಕ್ಷಮಿಸಿದ್ದೇನೆ. ಇಂಜಿನ್ನಿನ ಒಂದೊಂದು ಸಿಲಿಂಡರಿನಿಂದ ಒಂದೊಂದು ಕೊಳವೆ ಹೊರಟು, ಹಾವಿನ ಹಾಗೆ ಹೊರಳಿ, ಕೊನೆಗೆ ಎಲ್ಲವೂ ಒಂದೇ ಬಾಯಿಗೆ ಸೇರಬೇಕು. ಬೆಂಕಿಯಂಥ ಹೊಗೆ ಆ ದಾರಿಯಲ್ಲಿ ಓಡಿ, ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಚಕ್ರ ತಿರುಗಿಸಬೇಕು. ನಡುವೆ ಕೂದಲೆಳೆಯಷ್ಟು ಸೋರಿದರೂ ಏರಿನಲ್ಲಿ ಲಾರಿ ಮುದುಕನ ಹಾಗೆ ಏದುಸಿರು ಬಿಡುತ್ತದೆ. ಮುದುಕ ಎಂದರೆ ಬೇರೆ ಮುದುಕರು. ನಾನಲ್ಲ.

ಬಗ್ಗಿಸುವವನು ನಾನು, ಬೆಸೆಯುವವನು ಶಾಮ. ಕೊಳವೆಯೊಳಗೆ ಒಣಮರಳು ಗಿಡಿದು, ಕೆಂಪಗೆ ಕಾಯಿಸಿ ನಾನು ಬಗ್ಗಿಸಿದರೆ ಒಂದು ಸುಕ್ಕು ಬೀಳುತ್ತಿರಲಿಲ್ಲ. ಇಡೀ ಮದ್ರಾಸಿನಲ್ಲಿ ಅಂಥ ಕೈ ಇನ್ನೊಂದಿರಲಿಲ್ಲ. ಅನುಮಾನವಿದ್ದರೆ ನನ್ನನ್ನೇ ಕೇಳಿ. ಕೆಲಸ ಮುಗಿದ ಮೇಲೆ ಹೆಡರಿನ ಬಾಯಿಗಳನ್ನೆಲ್ಲ ಮುಚ್ಚಿ, ಒಂದರಿಂದ ಗಾಳಿ ಊದಿ, ಬೆಸುಗೆಯುದ್ದಕ್ಕೂ ಊದುಬತ್ತಿ ಹಿಡಿಯುತ್ತಿದ್ದೆವು. ಹೊಗೆ ಬೆದರಿದ ಕಡೆ ತೂತು. ಇಷ್ಟೇ ಗುಟ್ಟು.

ಇದನ್ನು ಮೊದಲು ಕಂಡ ಗಿರಾಕಿ ಪೆರುಮಾಳ್, ಹೊಸೂರು ಕಡೆಯ ಲಾರಿ ಮಾಲೀಕ. ಚಪ್ಪಲಿ ಬಿಟ್ಟು ಕೈ ಮುಗಿದು ನಿಂತ.

"ಏನ್ ಪೂಜೆ ಸಾರ್ ಇದು?"

"ಶ್. ಮಾತಾಡಬೇಡ. ದೇವರು ಒಳಗೆ ಇಳೀತಾ ಇದಾನೆ," ಎಂದೆ.

ಮುಂದಿನ ಸಲ ಅವನು ನಿಂಬೆಹಣ್ಣು, ಕರ್ಪೂರ ಹಿಡಿದೇ ಬಂದ. ಆಮೇಲೆ ಲಾರಿಯವರೆಲ್ಲರಿಗೂ ಪೂಜೆಯಾದ ಹೆಡರೇ ಬೇಕು. ಶಾಮ ಗೊಣಗುತ್ತಿದ್ದ: "ಏನ್ ಭಾವ, ಇದು ಶೆಡ್ಡಾ, ಕೋವಿಲಾ? ನಾಳೆ ಕಾಣಿಕೆಗೆ ಒಂದು ಉಂಡಿಯಲ್ ಬೇರೆ ಇಟ್ಬಿಡ್ತೀರ ನೀವು."

ಕೆಲವು ವರ್ಷ ಕಳೆದ ಮೇಲೆ ಶಾಮನ ಕೈ ಸಣ್ಣಗೆ ನಡುಗತೊಡಗಿತು. "ಕಾಫಿ ಜಾಸ್ತಿ ಆಯ್ತು ಭಾವ, ಅಷ್ಟೇ," ಎನ್ನುತ್ತಿದ್ದ. ನಾನೂ ಕಾಫಿಯನ್ನೇ ಬೈದೆ. ಆದರೆ ಹೊಗೆ ಬೆದರುವುದು ಹೆಚ್ಚಾಯಿತು. ಬೆಸುಗೆಗಾರನ ಕೈ ಹೋಯಿತೆಂದು ಒಬ್ಬ ಡ್ರೈವರ್ ಬಾಯಿಗೆ ಬಿದ್ದರೆ ಸಾಕು, ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಶಾಮನಿಗೆ ಆ ಬೆಸುಗೆ ಬಿಟ್ಟು ಬೇರೆ ಬದುಕಿರಲಿಲ್ಲ. ಹಾಗಾಗಿ ಹೊಗೆ ಬೆದರಿದಾಗೆಲ್ಲ ನಾನು ಕಣ್ಣು ಮುಚ್ಚಿ, ಗಿರಾಕಿಗೆ ಗಂಭೀರವಾಗಿ ಹೇಳುತ್ತಿದ್ದೆ: "ಇವತ್ತು ದೇವರಿಗೆ ಕೋಪ. ನಾಳೆ ನೋಡೋಣ." ಗಿರಾಕಿ ಕೆನ್ನೆ ಬಡಿದುಕೊಂಡು ಹೋಗುತ್ತಿದ್ದ. ಬೆಳಗಿನ ಹೊತ್ತು ಶಾಮನ ಕೈ ನೆಟ್ಟಗಿರುತ್ತಿತ್ತು. ಅದೇ ಜಾಗವನ್ನು ಮತ್ತೆ ಬೆಸೆಯುತ್ತಿದ್ದ. ಆ ದೇವರ ಕೋಪ ನಮ್ಮಿಬ್ಬರಿಗೇ ಗೊತ್ತಿದ್ದ ಗುಟ್ಟು. ನನ್ನ ಜೀವನದ ಅತ್ಯುತ್ತಮ ಕುಚೇಷ್ಟೆ ಅದು, ನಗುವವರೇ ಇರಲಿಲ್ಲ.

ಒಂದು ಸಂಜೆ ತನ್ನ ಹೆಡರಿನ ಮೇಲೆ ಹೊಗೆ ಬೆದರಿದರೂ ಪೆರುಮಾಳ್ ನಾಳೆಗೆ ಒಪ್ಪಲಿಲ್ಲ. ಕಬ್ಬಿಣದ ಲೋಡು ಹೇರಿಕೊಂಡು ಘಾಟಿ ಹತ್ತಬೇಕಿತ್ತು.

"ದೇವರ ಕೋಪ ನಾನು ನೋಡ್ಕೋತೀನಿ ಸಾರ್. ಶಾಮಣ್ಣನ ಕೈ ಮೇಲೆ ನಂಗೆ ನಂಬಿಕೆ ಇದೆ. ಕೂರಿಸಿಕೊಡಿ."

ಆ ಬೆಸುಗೆ ಘಾಟಿಯಲ್ಲಿ ಬಾಯಿ ಬಿಟ್ಟರೆ ಕಾದ ಹೊಗೆ ನೇರ ವೈರುಗಳಿಗೆ ಬಡಿದು ಲಾರಿಗೇ ಬೆಂಕಿ ಬೀಳಬಹುದು. ಏನು ಸುಳ್ಳು ಹೇಳಲಿ ಎಂದು ನಾನು ಚಡಪಡಿಸುತ್ತಿದ್ದಾಗ ಶಾಮ ನನ್ನ ಕೈಯಿಂದ ಊದುಬತ್ತಿ ತೆಗೆದುಕೊಂಡ.

"ದೇವರೂ ಇಲ್ಲ, ಕೋಪಾನೂ ಇಲ್ಲ ಪೆರುಮಾಳ್. ನನ್ ಕೈ ನಡುಗತ್ತೆ, ಬೆಳಿಗ್ಗೆ ಹೊತ್ತು ಮಾತ್ರ ನೆಟ್ಟಗಿರತ್ತೆ. ಭಾವ ನನ್ನ ಕಾಪಾಡ್ತಾ ಇದಾರೆ, ಅಷ್ಟೇ ವಿಷಯ."

ಪೆರುಮಾಳ್ ಅವನ ಕೈ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಹಳೆಯ ಟೈರಿನ ಮೇಲೆ ಕುಕ್ಕರಿಸಿ ಟೀ ಕೇಳಿದ. "ಕೈಯಾ? ಹಾಗಾದ್ರೆ ಬೆಳಿಗ್ಗೆ ಬರ್ತೀನಿ. ದೇವರಿಗೇ ನನ್ ಮೇಲೆ ಇಷ್ಟು ಕೋಪ ಯಾಕೆ ಅಂತ ಹೆದರಿಬಿಟ್ಟಿದ್ದೆ ನಾನು."

ಬೆಳಿಗ್ಗೆ ಬೆಸೆದ ಆ ಹೆಡರೇ ಶಾಮನ ಕೊನೆಯ ಕೆಲಸ. ಆಮೇಲೆ ಅವನೇ ಬೆಸುಗೆ ಬಿಟ್ಟ; ಅವನಿಲ್ಲದ ಶೆಡ್ಡಿನಲ್ಲಿ ನನಗೂ ಮನಸ್ಸು ನಿಲ್ಲಲಿಲ್ಲ, ಮುಚ್ಚಿಬಿಟ್ಟೆ.

ಈಗ ಅವನು ನಮ್ಮ ಜೊತೆಗೇ ಇದ್ದಾನೆ. ಇವತ್ತು ಬೆಳಿಗ್ಗೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕಾಫಿ ಕುಡಿಯುತ್ತಿದ್ದ. ನಾನು ಎಂದಿನಂತೆ ಊದುಬತ್ತಿ ಹಿಡಿದು ಹೊರಟೆ. ಕಿಟಕಿಯ ಬಳಿ ಹೊಗೆ ಬೆದರಿತು. ಬಾಗಿಲ ಬಳಿಯೂ ಬೆದರಿತು. ಸಂದಿಯೇ ಇಲ್ಲದ ಗೋಡೆಯ ಮುಂದೆಯೂ ಬೆದರಿತು.

"ಮನೆಯೆಲ್ಲಾ ತೂತು ಕಣೋ ಶಾಮ," ಎಂದೆ.

ಅವನು ಗೋಡೆ ನೋಡಲಿಲ್ಲ. ಹೊಗೆ ನೋಡಿದ, ನನ್ನ ಬೆರಳು ನೋಡಿದ. ಆಮೇಲೆ ಕಣ್ಣು ಮುಚ್ಚಿ, ಗಂಭೀರವಾಗಿ ಹೇಳಿದ: "ಇವತ್ತು ದೇವರಿಗೆ ಕೋಪ ಭಾವ. ನಾಳೆ ನೋಡೋಣ, ಬಿಡಿ."

"ಕಾಫಿ ಜಾಸ್ತಿ ಆಯ್ತು, ಅಷ್ಟೇ," ಎಂದೆ.

"ಅಷ್ಟೇ ಅಷ್ಟೇ," ಎಂದ.

ಊದುಬತ್ತಿಯನ್ನು ಹೆಂಡತಿಗೆ ಕೊಟ್ಟೆ. ಅವಳ ಕೈಯಲ್ಲಿ ಅದೇ ಹೊಗೆ ನೆಟ್ಟಗೆ ಎದ್ದಿತು. ನಾನು ಶಾಮನ ಪಕ್ಕದಲ್ಲಿ ಕೂತು ನೋಡಿದೆ. ಏಳಲಿಲ್ಲ.