ನೂರಕ್ಕೊಂದು ಹೆಚ್ಚಿದ್ದ ಹಡಗು

ನಮ್ಮ ಅಪ್ಪಾಜಿ ಸಮುದ್ರ ನೋಡಿದವರಲ್ಲ. ಅವರು ಕಂಡ ದೊಡ್ಡ ನೀರೆಂದರೆ ಹರಿಹರದ ತುಂಗಭದ್ರೆ. ಅಂಥವರಿಗೆ ಹದಿನೆಂಟನೇ ಶತಮಾನದ ಯುದ್ಧನೌಕೆಯೊಂದನ್ನು ಮಾಡಿಕೊಡಿ ಎಂದು ಗಂಟುಬಿದ್ದವಳು ನಾನು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಹರಿಹರದ ಕಾರ್ಖಾನೆಯೊಂದರಲ್ಲಿ ಅಪ್ಪಾಜಿ ಎರಕದ ಅಚ್ಚಿಗೆ ಬೇಕಾದ ಮರದ ಮಾದರಿಗಳನ್ನು ಮಾಡುತ್ತಿದ್ದರು. ಆ ವಿಭಾಗ ಮುಚ್ಚಿತು. ಅವರು ದಾವಣಗೆರೆಗೆ, ನಿಟ್ಟುವಳ್ಳಿಯ ನಮ್ಮ ಮನೆಗೆ ಬಂದರು. ಬಂದವರು ಉಳಿ ಮುಟ್ಟಲಿಲ್ಲ. ಪಡಸಾಲೆಯ ಕುರ್ಚಿಯ ಕಾಲು ಅಲ್ಲಾಡುತ್ತಿದ್ದರೆ ಬೇರೆ ಬಡಗಿಯನ್ನು ಕರೆಸು ಎಂದರು. ಮೊದಲು ನನಗೆ ಸಿಟ್ಟು ಬಂತು, ಆಮೇಲೆ ಹೆದರಿಕೆಯಾಯಿತು. ಬಡಗಿಯನ್ನು ಕರೆಸಲಿಲ್ಲ. ಮೊಂಡುತನದಲ್ಲಿ ನಾನೂ ಅವರ ಮಗಳೇ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳುತ್ತಿದ್ದೆ. ಶಾಲೆಯ ವಸ್ತುಪ್ರದರ್ಶನದ ನೆಪ ಮಾಡಿ ಗ್ರಂಥಾಲಯದಿಂದ ಒಂದು ಇಂಗ್ಲಿಷ್ ಪುಸ್ತಕ ತಂದೆ. ಅದರಲ್ಲಿ ಫ್ರಿಗೇಟ್ ಎಂಬ ಜಾತಿಯ ಯುದ್ಧನೌಕೆಯೊಂದರ ನಕ್ಷೆಯೂ ಅದರ ಸೇವಾಚರಿತ್ರೆಯೂ ಇದ್ದವು. ಮೂರು ದಿನ ಅವರು ನಕ್ಷೆಯನ್ನು ಬರೀ ನೋಡಿದರು. ನಾಲ್ಕನೆಯ ದಿನ ಸಾಗುವಾನಿ ತರಿಸು ಎಂದರು.

ಅವರು ಕೊರೆಯುತ್ತಿದ್ದರೆ ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಹಡಗಿನ ಕೆಳಗಿನ ಅಟ್ಟದಲ್ಲಿ ತೋಪುಗಳಿಲ್ಲ, ಎಲ್ಲವೂ ಮೇಲಿನ ಅಟ್ಟದಲ್ಲಿ. ಅದಕ್ಕೇ ಅಲೆ ಜೋರಿದ್ದಾಗಲೂ ತೋಪಿನ ಕಿಂಡಿ ತೆರೆಯಬಹುದಿತ್ತು. ಇದನ್ನು ಕೇಳಿ ಅಪ್ಪಾಜಿ, ಮಾಡಿದವನು ಬುದ್ಧಿವಂತ ಎಂದು ತಲೆದೂಗಿದರು. ಹಡಗು ಶತ್ರುಗಳನ್ನು ಅಟ್ಟಿದ್ದು, ಕಾಗದಪತ್ರ ಹೊತ್ತದ್ದು, ವ್ಯಾಪಾರದ ಹಡಗುಗಳಿಗೆ ಕಾವಲು ಹೋದದ್ದು ಎಲ್ಲವನ್ನೂ ಓದಿದೆ. ಕೊನೆಯ ಪುಟವನ್ನು ಮಾತ್ರ ಹಾರಿಸಿ, ಅದು ಇನ್ನೂ ಚೆನ್ನಾಗಿದೆಯಂತೆ ಎಂದು ಸುಳ್ಳು ಹೇಳಿದೆ.

ಹಡಗು ಮುಗಿಯುವ ಹೊತ್ತಿಗೆ ವಿನೋಬನಗರದ ಅಂಗಡಿಯಿಂದ ಗಾಜಿನ ಪೆಟ್ಟಿಗೆಯೂ ಬಂತು. ನಕ್ಷೆಯಂತೆ ಹಡಗು ತೊಂಬತ್ತು ಸೆಂಟಿಮೀಟರ್ ಉದ್ದ. ಪೆಟ್ಟಿಗೆಯನ್ನು ಆರು ಮಿಲಿಮೀಟರ್ ಹೆಚ್ಚಿಗೆ ಮಾಡಿಸಿದ್ದೆ. ಆದರೂ ಹಡಗು ಹಿಡಿಯಲಿಲ್ಲ.

ಅಪ್ಪಾಜಿ ಹಡಗನ್ನು ಮತ್ತೆ ನೆಲದ ಮೇಲಿಟ್ಟರು. ಆಮೇಲೆ, "ನನ್ನ ಕೈ ಹೋತು ಬಿಡವ್ವ," ಎಂದು ಉಳಿಯನ್ನು ಹಡಗಿನ ಮೂತಿಗೆ ಇಟ್ಟರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾನು ಅವರ ಮುಂಗೈ ಹಿಡಿದುಕೊಂಡೆ. ನನಗೆ ಅಳು ಬಂದಿತ್ತು.

ಚೀಲದಿಂದ ಶಾಲೆಯ ಸ್ಕೇಲು ತೆಗೆದು ಅಳೆದೆ. ಉದ್ದ ಒಂಬತ್ತು ಮಿಲಿಮೀಟರ್ ಹೆಚ್ಚು. ಮೂವತ್ತು ಸೆಂಟಿಮೀಟರಿನ ಅಡ್ಡಕಂಬ ಮೂರು ಹೆಚ್ಚು. ಇಪ್ಪತ್ತರದ್ದು ಎರಡು. ಎಲ್ಲ ಕಡೆಯೂ ನೂರಕ್ಕೊಂದು. ಕಾರ್ಖಾನೆಯ ಕೆಲಸದ ಕೊನೆಯ ದಿನ ಅವರು ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ಉಕ್ಕಿನ ಸ್ಕೇಲನ್ನು ನನ್ನದರ ಪಕ್ಕಕ್ಕಿಟ್ಟೆ. ಅದರ ಒಂದೊಂದು ಸೆಂಟಿಮೀಟರೂ ತುಸು ಉದ್ದ. ಕರಗಿದ ಕಬ್ಬಿಣ ಆರಿದಾಗ ಕುಗ್ಗುತ್ತದೆಂದು ಮಾದರಿಯನ್ನು ಅಷ್ಟು ದೊಡ್ಡದಾಗಿ ಮಾಡಲೆಂದೇ ಇರುವ ಸ್ಕೇಲು ಅದು. ಮೂವತ್ತು ವರ್ಷ ಹಿಡಿದದ್ದನ್ನೇ ಅವರು ಯೋಚಿಸದೆ ಹಡಗಿಗೂ ಹಿಡಿದಿದ್ದರು.

ಅಪ್ಪಾಜಿ ಎರಡೂ ಸ್ಕೇಲುಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಪ್ರತಿಯೊಂದು ತುಂಡನ್ನೂ ಉಕ್ಕಿನ ಸ್ಕೇಲಿನಿಂದ ತಾವೇ ಮತ್ತೆ ಅಳೆದರು. ಎಲ್ಲೂ ಒಂದು ಗೆರೆ ಹೆಚ್ಚುಕಮ್ಮಿ ಇರಲಿಲ್ಲ.

"ಈಗ ಆ ಕೊನೀ ಪುಟ ಓದು," ಎಂದರು.

ಓದಿದೆ. ಹಡಗಿಗೆ ವಯಸ್ಸಾದ ಮೇಲೆ ಕಂಬಗಳನ್ನು ಕಿತ್ತು ದಡಕ್ಕೆ ಕಟ್ಟಿ ಉಗ್ರಾಣ ಮಾಡಿಕೊಂಡರು, ಕಡೆಗೆ ಒಡೆದು ಮರ ಮಾರಿದರು. ಅಪ್ಪಾಜಿ ಉಕ್ಕಿನ ಸ್ಕೇಲನ್ನು ನನ್ನ ಕೈಗೆ ಕೊಟ್ಟರು.

"ಹೊಸಾ ಪೆಟ್ಟಿಗಿ ಮಾಡ್ಸು. ಅಳತಿ ಮೊದಲಿನದೇ ಹೇಳು, ಆದ್ರೆ ಇದ್ರಾಗ ಅಳಿಯಾಕ ಹೇಳು. ಕೂಡತೈತಿ."

ಆಟೋದಲ್ಲಿ ಅಂಗಡಿಗೆ ಹೋಗಿ, ಗಾಜಿನವನ ತಲೆ ತಿಂದು, ಮಧ್ಯಾಹ್ನ ಮನೆಗೆ ಬಂದೆ. ಅಪ್ಪಾಜಿ ಪಡಸಾಲೆಯ ಆ ಕುರ್ಚಿಯನ್ನು ತಲೆಕೆಳಗು ಮಾಡಿಕೊಂಡು ಕೂತಿದ್ದರು. ಅದರ ಕಾಲಿಗೆ ಹಿಡಿದಿದ್ದದ್ದು ನನ್ನ ಶಾಲೆಯ ಸ್ಕೇಲು.