ಸಲ್ಬಿಯಾ ನೋಡದೆ ಬಿಟ್ಟ ಬಾಲ

ಕೋಟಾ ತಿಂಗಿ ಎಂಬ ಊರಿನ ಹೊಳೆದಂಡೆಯಲ್ಲಿ ಸಲ್ಬಿಯಾಳ ತಗಡು ಸೂರಿನ ಹೋಟೆಲು. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಿ ಮದುವೆ ಮಾಡಿದ್ದು ಅದೇ ಒಲೆಯಿಂದ. ಬೋರಲು ಹಾಕಿದ ಬಾಣಲೆಯಂಥ ಚಿಪ್ಪು, ಕಡ್ಡಿಯಂಥ ಬಾಲದ ಬೆಲಾಂಕಾಸ್ ಏಡಿಯ ಮೊಟ್ಟೆಯನ್ನು ತೆಂಗಿನಹಾಲು, ಅನಾನಸು ಹಾಕಿ ಅವಳು ಬೇಯಿಸಿದರೆ ದೂರದೂರಿನವರೂ ಹುಡುಕಿಕೊಂಡು ಬರುತ್ತಿದ್ದರು. ಊರಿಗೆಲ್ಲ ಅವಳು ಕಾಕ್, ಎಲ್ಲರ ಅಕ್ಕ.

ಆ ದಿನ ಮೊದಲು ಬಂದವರು ಇಪೋ ಊರಿನ ಲಿಯೋಂಗ್ ಮತ್ತು ಅವನ ಹೆಂಡತಿ ಮೇ ಫುನ್. ಅವನು ಬೆಲಾಂಕಾಸ್ ಸಾರು ಎರಡು ಬಟ್ಟಲು ಮುಗಿಸಿದ. ಅವಳು ಅನ್ನಕ್ಕೆ ಹುರಿದ ಮೀನು ಸಾಕೆಂದಳು.

"ಇವಳನ್ನ ಕಟ್ಕೊಂಡು ಊರು ಸುತ್ತಿದ್ರೆ ಇಷ್ಟೇ ಕಾಕ್. ಎಲ್ಲಿ ಹೋದ್ರೂ ಮನೆ ಊಟಾನೇ ಬೇಕು."

"ನೀವು ತಿನ್ನಿ. ಅದನ್ನ ನೋಡಿದ್ರೇ ನಂಗೆ ಹೊಟ್ಟೆ ತೊಳಸುತ್ತೆ," ಎಂದಳು ಮೇ ಫುನ್.

ಚಹಾ ಕುಡಿಯುತ್ತ ಹರಟುತ್ತಿದ್ದ ಲಿಯೋಂಗ್ ಸ್ವಲ್ಪ ಹೊತ್ತಿಗೆ ತುಟಿ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. "ಖಾರ ಜೋರಾಗೇ ಹಾಕಿದೀರಿ. ತುಟಿ ಜುಮ್ ಅಂದು ಮರಗಟ್ಟೇ ಹೋಯ್ತು."

ಸಲ್ಬಿಯಾ ಕೈಲಿದ್ದ ಸೌಟು ಕೆಳಗಿಟ್ಟಳು. ಅದು ಖಾರವಲ್ಲ. ಮೂರು ಏಣಿನ ಬಾಲದ ಬೆಲಾಂಕಾಸ್ ತಿನ್ನುವಂಥದ್ದು. ದುಂಡು ಬಾಲದ್ದು ವಿಷ. ಬಾಲ ಸವರಿ ನೋಡದೆ ಅವಳು ಎಂದೂ ಒಲೆಗಿಟ್ಟವಳಲ್ಲ. ಆದರೆ ಮಾಮೂಲಿ ಮೀನುಗಾರನಿಗೆ ಜ್ವರವೆಂದು ಬೆಳಿಗ್ಗೆ ಅವನ ಭಾವಮೈದ ಬಂದಿದ್ದ. ಬಾಲ ಕತ್ತರಿಸಿ, ತೊಳೆದೇ ತಂದುಕೊಟ್ಟಿದ್ದ. ಕೆಲಸ ಹಗುರವಾಯಿತೆಂದು ಇವಳು ಸುಮ್ಮನಾಗಿದ್ದಳು. ಉಪ್ಪು ನೋಡಲು ಒಂದಿಷ್ಟು ಸಾರನ್ನು ತಾನೂ ನೆಕ್ಕಿದ್ದಳು.

"ಏಳಿ, ಆಸ್ಪತ್ರೆಗೆ ಹೋಗೋಣ."

"ಖಾರಕ್ಕೆಲ್ಲ ಆಸ್ಪತ್ರೇನಾ?" ಎಂದು ನಗಲು ಹೋದವನ ಬಾಯಿ ಅರ್ಧಕ್ಕೇ ನಿಂತಿತು. ಎದ್ದರೆ ಕಾಲು ನಿಲ್ಲಲಿಲ್ಲ.

ಮೇ ಫುನ್ ಕಾರು ಓಡಿಸಿದಳು. ಹಿಂದೆ ಕೂತು ದಾರಿ ಹೇಳುತ್ತಿದ್ದ ಸಲ್ಬಿಯಾ ತನ್ನ ತುಟಿಯನ್ನು ಕಚ್ಚಿ ನೋಡಿದಳು. ನೋವಾಯಿತು. ನಂಬಿಕೆ ಬರದೆ ಮತ್ತೆ ಕಚ್ಚಿದಳು. ಲಿಯೋಂಗನ ತಲೆ ಅವಳ ಹೆಗಲಿಗೆ ಜೋತುಬಿದ್ದಿತ್ತು. ಕಣ್ಣು ಮಾತ್ರ ತೆರೆದೇ ಇತ್ತು. ಅವನಿಗೆ ಎಲ್ಲವೂ ತಿಳಿಯುತ್ತಿತ್ತು.

"ಏನು ತಿಂದ್ರು?" ಎಂದರು ಡಾಕ್ಟರು.

ಮೀನು ಅಂದುಬಿಡಲೇ ಎನ್ನಿಸಿತು ಸಲ್ಬಿಯಾಳಿಗೆ. ಪೊಲೀಸರು, ಜೈಲು, ಮಗಳ ಮುಖ ಎಲ್ಲ ಕಣ್ಣಮುಂದೆ ಹಾದುಹೋದವು.

"ಬೆಲಾಂಕಾಸ್. ಬಾಲ ನಾನು ನೋಡಿರ್ಲಿಲ್ಲ."

ಈ ವಿಷಕ್ಕೆ ಮದ್ದಿಲ್ಲ, ಇಳಿಯುವ ತನಕ ಯಂತ್ರವೇ ಉಸಿರಾಡಿಸಬೇಕು ಎಂದರು. ಹೊರಗಿನ ಬೆಂಚಿನ ಈ ತುದಿಗೆ ಸಲ್ಬಿಯಾ, ಆ ತುದಿಗೆ ಮೇ ಫುನ್. ದುವಾ ಹೇಳಹೋದರೆ ಸಲ್ಬಿಯಾಳಿಗೆ ಆ ಪ್ರಾರ್ಥನೆಯ ಮೊದಲ ಸಾಲಿನಾಚೆ ನೆನಪಾಗಲಿಲ್ಲ. ಒಳಗಿನ ಬಾಗಿಲು ತೆರೆದಾಗಲೆಲ್ಲ ಅವಳು ಎದ್ದು ನಿಲ್ಲುತ್ತಿದ್ದಳು.

"ಇವರು ನಿಮ್ಮನ್ನ ಅಕ್ಕ ಅಂತ ಕರೀತಿದ್ರು," ಎಂದಳು ಮೇ ಫುನ್, ಇವಳ ಕಡೆ ತಿರುಗದೆ.

ಮರುದಿನ ಅವನ ಬೆರಳು ಅಲುಗಿತು. ಯಂತ್ರ ತೆಗೆದ ಮೇಲೆ ಒಡಕು ದನಿಯಲ್ಲಿ ಗಂಜಿ ಕೇಳಿದ.

"ನಾನು ಮಾಡ್ಕೊಂಡು ಬರ್ಲಾ?" ಎಂದಳು ಸಲ್ಬಿಯಾ.

"ಬೇಡ. ನೀವು ಇವರ ಹತ್ರ ಕೂತಿರಿ. ಅಂಗಡಿಯಿಂದ ನಾನೇ ತರ್ತೀನಿ," ಎಂದಳು ಮೇ ಫುನ್.

ಹೋಟೆಲು ಕೆಲವು ವಾರ ಮುಚ್ಚಿತ್ತು. ಈಗ ಅಲ್ಲಿ ಹೊಳೆಮೀನಿನ ಹುಳಿಸಾರು ಮಾತ್ರ. ಉಂಡವರು ಎದ್ದು, ನೆಟ್ಟಗೆ ನಡೆದು, ಕಾರು ಹತ್ತುವ ತನಕ ಸಲ್ಬಿಯಾ ಬೇರೆ ಕೆಲಸ ಮುಟ್ಟುವುದಿಲ್ಲ.